ಬೆಳಕಿನ ಎಳೆಯಲ್ಲಿ ಹರಡಿದ ಸಂಕೇತವನ್ನು ಸರಿದೂಗಿಸುವ ಬಗೆ

ಪೀಠಿಕೆ

ವಿಶಾಲವಾದ ಸಭಾಮಂದಿರದಲ್ಲಿ ನಿಂತು ಮಾತನಾಡಿದವರಿಗೆಲ್ಲ ಒಂದು ತೊಂದರೆ ಪರಿಚಿತವಾಗಿಯೇ ಇದೆ. ಭಾಷಣಕಾರನ ಮಾತು ನೇರವಾಗಿ ಶ್ರೋತೃಗಳ ಕಿವಿಯನ್ನು ಮುಟ್ಟುವುದಲ್ಲದೆ, ಗೋಡೆಗೂ ಛಾವಣಿಗೂ ಬಡಿದು ತುಸು ತಡವಾಗಿ ಮತ್ತೊಮ್ಮೆ ಬಂದು ಸೇರುತ್ತದೆ. ನಿಧಾನವಾಗಿ ಮಾತನಾಡಿದರೆ ಒಂದು ಪದದ ಮರುದನಿ ಅಡಗಿದ ಮೇಲೆ ಮುಂದಿನ ಪದ ಬರುವುದರಿಂದ ಅರ್ಥಕ್ಕೆ ಭಂಗವಿಲ್ಲ. ಅವಸರದಿಂದ ಮಾತನಾಡಿದರೆ ಹಿಂದಿನ ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬಿದ್ದು ಎರಡೂ ತಿಳಿಯದಂತಾಗುತ್ತದೆ.

ಇದಕ್ಕೆ ಪರಿಹಾರ ಮೂರು. ಮಾತಿನ ವೇಗವನ್ನು ತಗ್ಗಿಸುವುದು ಮೊದಲನೆಯದು. ಮಂದಿರದ ಗೋಡೆಗಳನ್ನೇ ಮಾರ್ಪಡಿಸುವುದು ಎರಡನೆಯದು. ಕೇಳುವವನು ಆ ಮಂದಿರದ ಮರುದನಿಯ ಸ್ವಭಾವವನ್ನು ಚೆನ್ನಾಗಿ ಅರಿತು, ತನಗೆ ಕೇಳಿಸಿದ್ದರಿಂದ ಮರುದನಿಯ ಪಾಲನ್ನು ಕಳೆದು ಮೂಲದ ಮಾತನ್ನು ಗ್ರಹಿಸುವುದು ಮೂರನೆಯದು. ಬೆಳಕಿನ ಎಳೆಗಳ ಮೂಲಕ ನಡೆಯುವ ದೂರಸಂಪರ್ಕದಲ್ಲಿಯೂ ಇದೇ ತೊಡಕು ಇದೆ, ಇದೇ ಮೂರು ಪರಿಹಾರಗಳೂ ಇವೆ. ಮೂರನೆಯ ಪರಿಹಾರವನ್ನು ನೆರವೇರಿಸುವ ಸಾಧನಕ್ಕೆ ಈಕ್ವಲೈಸರ್ ಎಂದು ಹೆಸರು. ಅದರ ಕಾರ್ಯವಿಧಾನ, ಅದರ ಬೆಲೆ ಮತ್ತು ಅದರ ಮಿತಿ, ಈ ಮೂರನ್ನು ಶಾಲೆಯ ಬೀಜಗಣಿತದ ನೆರವಿನಿಂದಲೇ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಳೆಯೊಳಗಿನ ಹಾದಿಗಳು

ಆಪ್ಟಿಕಲ್ ಫೈಬರ್ ಎಂದರೆ ಗಾಜಿನ ಅತಿ ಸೂಕ್ಷ್ಮವಾದ ಎಳೆ. ನಡುವೆ ತಿರುಳು, ಅದರ ಸುತ್ತ ಕವಚ. ತಿರುಳಿನ ವಕ್ರೀಭವನಾಂಕ ಕವಚದ್ದಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ ತಿರುಳಿನೊಳಗೆ ಓರೆಯಾಗಿ ಸಾಗುವ ಬೆಳಕು ಕವಚದ ಗಡಿಯನ್ನು ಮುಟ್ಟಿದಾಗ ಹೊರಗೆ ಹೋಗದೆ ಪೂರ್ಣ ಆಂತರಿಕ ಪ್ರತಿಫಲನ ಹೊಂದಿ ಒಳಕ್ಕೆ ಮರಳುತ್ತದೆ. ಬಾಗಿದ ನೀರಿನ ಧಾರೆಯಲ್ಲಿ ಬೆಳಕು ಬಾಗಿ ಹರಿಯುವುದನ್ನು ಜಾನ್ ಟಿಂಡಾಲ್ 1854ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ್ದನು. ನೂರು ವರ್ಷಗಳ ತರುವಾಯ, 1954ರಲ್ಲಿ, ಪಂಜಾಬಿನಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿಯವರು ತಮ್ಮ ಗುರು ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿದ ವರದಿಯನ್ನು ಪ್ರಕಟಿಸಿದರು.

ಆದರೆ ಅಂದಿನ ಗಾಜಿನಲ್ಲಿ ಬೆಳಕು ಕೆಲವೇ ಮೀಟರುಗಳಲ್ಲಿ ಕರಗಿಹೋಗುತ್ತಿತ್ತು. ಗಾಜನ್ನು ಶುದ್ಧಗೊಳಿಸಿ ನಷ್ಟವನ್ನು ಪ್ರತಿ ಕಿಲೋಮೀಟರಿಗೆ 20 ಡೆಸಿಬೆಲ್‌ಗೆ ಇಳಿಸಿದರೆ, ಅಂದರೆ ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕಾದರೂ ಉಳಿದರೆ, ದೂರಸಂಪರ್ಕ ಸಾಧ್ಯವೆಂದು ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕಮ್ 1966ರಲ್ಲಿ ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಮೌರರ್, ಕೆಕ್ ಮತ್ತು ಷುಲ್ಜ್ ಈ ಗುರಿಯನ್ನು ದಾಟಿದ ಎಳೆಯನ್ನು ತಯಾರಿಸಿದರು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಬೆಳಕು ದೂರ ಹೋಗಲಾರಂಭಿಸಿದೊಡನೆ ಎರಡನೆಯ ತೊಡಕು ಎದುರಾಯಿತು. ತಿರುಳಿನ ವ್ಯಾಸ 50 ಅಥವಾ 62.5 ಮೈಕ್ರಾನ್ ಇದ್ದರೆ ಅದರೊಳಗೆ ಬೆಳಕಿಗೆ ನೂರಾರು ಹಾದಿಗಳು ದೊರೆಯುತ್ತವೆ. ಒಂದು ನೇರವಾಗಿ ನಡುವೆಯೇ ಸಾಗುತ್ತದೆ. ಇನ್ನೊಂದು ಅಂಚಿನಿಂದ ಅಂಚಿಗೆ ಬಡಿಯುತ್ತ ಸಾಗುತ್ತದೆ. ಇಂತಹ ಪ್ರತಿಯೊಂದು ಹಾದಿಗೂ ಮೋಡ್ ಎಂದು ಹೆಸರು. ಹಲವು ಹಾದಿಗಳುಳ್ಳ ಎಳೆಯು ಮಲ್ಟಿಮೋಡ್ ಫೈಬರ್. ತಿರುಳು ವಿಶಾಲವಾಗಿರುವುದರಿಂದ ಬೆಳಕನ್ನು ಅದರೊಳಗೆ ಸೇರಿಸುವುದು ಸುಲಭ, ಒಂದು ಎಳೆಯನ್ನು ಇನ್ನೊಂದಕ್ಕೆ ಜೋಡಿಸುವುದೂ ಸುಲಭ. ಈ ಸೌಕರ್ಯವೇ ಅದರ ದೋಷಕ್ಕೂ ಮೂಲ. ನೂರಾರು ಹಾದಿಗಳಲ್ಲಿ ಹೊರಟ ಬೆಳಕು ಒಂದೇ ಕ್ಷಣದಲ್ಲಿ ಗುರಿ ಮುಟ್ಟುವುದಿಲ್ಲ.

ಸ್ಪಂದವು ಹರಡುವುದರ ಲೆಕ್ಕ

ತಿರುಳಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ತಿರುಳಿಗೂ ಕವಚಕ್ಕೂ ವಕ್ರೀಭವನಾಂಕದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೆ, ಅತ್ಯಂತ ಓರೆಯಾದ ಕಿರಣದ ಹಾದಿಯು ನೇರ ಕಿರಣದ ಹಾದಿಗಿಂತ ನೂರಕ್ಕೆ ಒಂದರಷ್ಟು ಉದ್ದವಾಗುತ್ತದೆ. ಒಂದು ಕಿಲೋಮೀಟರಿಗೆ ಇದು 10 ಮೀಟರ್. ಅಷ್ಟು ದೂರ ಕ್ರಮಿಸಲು ಬೆಳಕಿಗೆ ಬೇಕಾದ ಕಾಲ 50 ನ್ಯಾನೋಸೆಕೆಂಡು. ಅಂದರೆ ಕ್ಷಣಮಾತ್ರದ ಒಂದು ಬೆಳಕಿನ ಸ್ಪಂದವನ್ನು ಕಳುಹಿಸಿದರೆ ಅದು ಕಿಲೋಮೀಟರಿನ ಕೊನೆಯಲ್ಲಿ 50 ನ್ಯಾನೋಸೆಕೆಂಡಿನಷ್ಟು ಹರಡಿಕೊಂಡು ಹೊರಬರುತ್ತದೆ.

ಸೆಕೆಂಡಿಗೆ ಸಾವಿರ ಕೋಟಿ ಬಿಟ್‌ಗಳನ್ನು, ಅಂದರೆ 10 ಗಿಗಾಬಿಟ್‌ಗಳನ್ನು, ಕಳುಹಿಸಬೇಕಾದಾಗ ಒಂದು ಬಿಟ್‌ಗೆ ಸಿಗುವ ಕಾಲಾವಕಾಶ ಕೇವಲ 0.1 ನ್ಯಾನೋಸೆಕೆಂಡು. ಎಳೆಯೊಳಗೆ ಅದರ ಉದ್ದ 2 ಸೆಂಟಿಮೀಟರ್. ಮೇಲೆ ಹೇಳಿದ ಎಳೆ 300 ಮೀಟರಿದ್ದರೂ ಒಂದು ಬಿಟ್ಟಿನ ಬೆಳಕು ನಂತರದ 150 ಬಿಟ್‌ಗಳ ಮೇಲೆ ಚೆಲ್ಲುತ್ತದೆ. ಇಂತಹ ಕಲಸುಮೇಲೋಗರವನ್ನು ಬಿಡಿಸುವ ಆಸೆಯೇ ವ್ಯರ್ಥ.

ಆದಕಾರಣ ಮೊದಲು ಎಳೆಯನ್ನೇ ಸುಧಾರಿಸಲಾಯಿತು. ತಿರುಳಿನ ನಡುವೆ ವಕ್ರೀಭವನಾಂಕ ಹೆಚ್ಚಾಗಿದ್ದು ಅಂಚಿನತ್ತ ಕ್ರಮೇಣ ಇಳಿಯುವಂತೆ ಮಾಡಿದರೆ, ದೂರದ ಹಾದಿ ಹಿಡಿದ ಕಿರಣವು ಅಂಚಿನಲ್ಲಿ ಹೆಚ್ಚು ವೇಗವಾಗಿ ಸಾಗಿ ಕಾಲವನ್ನು ಸರಿದೂಗಿಸಿಕೊಳ್ಳುತ್ತದೆ. ಇದೇ ಗ್ರೇಡೆಡ್ ಇಂಡೆಕ್ಸ್ ಫೈಬರ್. ಇದರ ಸಿದ್ಧಾಂತವನ್ನು ಗ್ಲೋಗೆ ಮತ್ತು ಮಾರ್ಕಟಿಲಿ 1973ರಲ್ಲಿ ವಿಶದವಾಗಿ ನಿರೂಪಿಸಿದರು. ಇಳಿಜಾರು ಸರಿಯಾಗಿದ್ದರೆ ಹರಡುವಿಕೆ ನೂರಾರು ಪಟ್ಟು ಕಡಿಮೆಯಾಗುತ್ತದೆ. ಆದರೆ ಕಾರ್ಖಾನೆಯಲ್ಲಿ ತಯಾರಾಗುವ ಎಳೆಯಲ್ಲಿ ಆ ಇಳಿಜಾರು ಎಂದೂ ಪರಿಪೂರ್ಣವಲ್ಲ. ಹಳೆಯ ಎಳೆಗಳಲ್ಲಿ ತಿರುಳಿನ ನಟ್ಟನಡುವೆಯೇ ವಕ್ರೀಭವನಾಂಕ ಕುಸಿದ ಸಣ್ಣದೊಂದು ತಗ್ಗು ಉಳಿದಿರುವುದುಂಟು. ಹೀಗೆ ಉಳಿದ ಕೊರತೆಯನ್ನು ನೀಗುವ ಹೊಣೆ ಗ್ರಾಹಕಯಂತ್ರಕ್ಕೆ, ಅಂದರೆ ರಿಸೀವರಿಗೆ, ಬರುತ್ತದೆ.

ಸರಿದೂಗಿಸುವ ಕ್ರಮ

ರಿಸೀವರಿನ ಫೋಟೋಡಯೋಡ್ ಬೆಳಕಿನ ಪ್ರಮಾಣವನ್ನು ವಿದ್ಯುತ್ ಪ್ರವಾಹವಾಗಿ ಮಾರ್ಪಡಿಸುತ್ತದೆ. ಬೆಳಕು ಇದ್ದರೆ 1, ಇಲ್ಲದಿದ್ದರೆ 0. ಅಳತೆ 0.5ಕ್ಕಿಂತ ಮೇಲಿದ್ದರೆ 1 ಎಂದೂ ಕೆಳಗಿದ್ದರೆ 0 ಎಂದೂ ತೀರ್ಮಾನ. ಈಗ ಒಂದು ಎಳೆಯಲ್ಲಿ ಪ್ರತಿ ಸ್ಪಂದವೂ ತನ್ನ ಅವಧಿಯಲ್ಲಿ 1ರಷ್ಟು, ಮುಂದಿನ ಅವಧಿಯಲ್ಲಿ 0.5ರಷ್ಟು ಬೆಳಕನ್ನು ಕೊಡುತ್ತದೆಂದು ಭಾವಿಸೋಣ. ಕಳುಹಿಸಿದ ಬಿಟ್‌ಗಳು 1, 0, 1, 1, 0 ಆಗಿರಲಿ. ರಿಸೀವರಿಗೆ ದೊರೆಯುವ ಅಳತೆಗಳು ಕ್ರಮವಾಗಿ 1, 0.5, 1, 1.5, 0.5. ಎರಡನೆಯದೂ ಐದನೆಯದೂ ತೀರ್ಮಾನದ ಗೆರೆಯ ಮೇಲೆಯೇ ನಿಂತಿವೆ. ಅವು 0 ಎಂದು ಹೇಳುವ ಧೈರ್ಯ ಯಾರಿಗೂ ಇರಲಾರದು.

ಈಕ್ವಲೈಸರ್ ಮಾಡುವ ಕೆಲಸ ಹೀಗಿದೆ. ಈಗಿನ ಅಳತೆಯನ್ನು ತೆಗೆದುಕೊಂಡು, ಅದರಿಂದ ಹಿಂದಿನ ಅಳತೆಯ ಅರ್ಧವನ್ನು ಕಳೆದು, ಅದಕ್ಕೂ ಹಿಂದಿನ ಅಳತೆಯ ಕಾಲು ಭಾಗವನ್ನು ಕೂಡಿಸುತ್ತದೆ. ಲೆಕ್ಕ ಮಾಡಿದರೆ 1, 0, 1, 1.125, 0 ಬರುತ್ತದೆ. ಸಂದೇಹವೆಲ್ಲ ನೀಗಿತು. ನಾಲ್ಕನೆಯದರಲ್ಲಿ ಉಳಿದ 0.125 ಎಂಬುದು ಮೊದಲನೆಯ ಬಿಟ್ಟಿನ ಅಳಿದುಳಿದ ನೆರಳು. ಇನ್ನೊಂದು ಪದವನ್ನು ಸೇರಿಸಿದರೆ ಅದು ಮತ್ತಷ್ಟು ಕ್ಷೀಣಿಸುತ್ತದೆ. ಹಿಂದಿನ ಅಳತೆಗಳನ್ನು ಸಾಲಾಗಿ ನೆನಪಿಟ್ಟುಕೊಂಡು, ಒಂದೊಂದಕ್ಕೆ ಒಂದೊಂದು ತೂಕವನ್ನು ಕೊಟ್ಟು ಕೂಡಿಸುವ ಈ ಏರ್ಪಾಡಿನಲ್ಲಿ ಪ್ರತಿಯೊಂದು ತೂಕದ ಸ್ಥಾನಕ್ಕೂ ಟ್ಯಾಪ್ ಎಂದು ಹೆಸರು. ಒಂದು ಅವಧಿಯ ಬೆಳಕು ಇನ್ನೊಂದರ ಅಳತೆಗೆ ಅಡ್ಡಿಯಾಗದಿರಲು ಸ್ಪಂದದ ಆಕಾರ ಹೇಗಿರಬೇಕೆಂಬುದನ್ನು ತಂತಿ ಸಂದೇಶಗಳ ಸಂದರ್ಭದಲ್ಲಿ ಹ್ಯಾರಿ ನೈಕ್ವಿಸ್ಟ್ 1928ರಲ್ಲಿಯೇ ನಿರೂಪಿಸಿದ್ದನು.

ಗದ್ದಲದ ಬೆಲೆ

ಇಷ್ಟು ಸುಲಭವಾಗಿದ್ದರೆ ಈ ವಿಷಯವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಪ್ರತಿಯೊಂದು ಅಳತೆಯಲ್ಲಿಯೂ ಬೆಳಕಿನ ಜೊತೆಗೆ ಯಂತ್ರದ ಸ್ವಂತ ಗದ್ದಲವೂ ಸ್ವಲ್ಪ ಬೆರೆತಿರುತ್ತದೆ. ಹಿಂದಿನ ಅಳತೆಯ ಅರ್ಧವನ್ನು ಕಳೆಯುವಾಗ ಅದರೊಳಗಿನ ಗದ್ದಲವು ಕಳೆದುಹೋಗುವುದಿಲ್ಲ. ಬೇರೆ ಬೇರೆ ಅವಧಿಗಳ ಗದ್ದಲಗಳಿಗೆ ಪರಸ್ಪರ ಸಂಬಂಧವಿಲ್ಲದ ಕಾರಣ ಅವುಗಳ ಶಕ್ತಿಗಳು ಕೂಡಿಕೊಳ್ಳುತ್ತವೆ. ನಮ್ಮ ಉದಾಹರಣೆಯಲ್ಲಿ ಗದ್ದಲದ ಶಕ್ತಿಯು 1ಕ್ಕೆ ಬದಲಾಗಿ 1 + 0.25 + 0.0625, ಅಂದರೆ 1.3125 ಆಗುತ್ತದೆ. ಸಂಕೇತವು ತಿಳಿಯಾಯಿತು, ಗದ್ದಲವು ನೂರಕ್ಕೆ 31ರಷ್ಟು ಬೆಳೆಯಿತು.

ಬೆಲ್ ಪ್ರಯೋಗಶಾಲೆಯ ಸ್ಟೂವರ್ಟ್ ಪರ್ಸೋನಿಕ್ 1973ರಲ್ಲಿ ಪ್ರಕಟಿಸಿದ ಎರಡು ಭಾಗಗಳ ಪ್ರಬಂಧದಲ್ಲಿ ಬೆಳಕಿನ ರಿಸೀವರುಗಳ ಗದ್ದಲವನ್ನೂ ಸರಿದೂಗಿಸುವಿಕೆಯನ್ನೂ ಒಟ್ಟಾಗಿ ಗಣಿಸಿ ಲೆಕ್ಕ ಹಾಕಿದರು. ಸ್ಪಂದವು ಹರಡಿದಷ್ಟೂ, ತಪ್ಪುಗಳು ಹೆಚ್ಚದಂತೆ ಕಾಯಲು ರಿಸೀವರಿಗೆ ಹೆಚ್ಚು ಬೆಳಕು ಬೇಕಾಗುತ್ತದೆ ಎಂಬುದು ಆ ಲೆಕ್ಕದ ಸಾರ. ಹರಡುವಿಕೆಯು ಬಿಟ್ಟಿನ ಅವಧಿಯನ್ನು ಮೀರಿತೆಂದರೆ ಈ ಬೆಲೆ ಬಹು ಬೇಗ ಏರುತ್ತದೆ.

ಬೆಲೆ ತೆತ್ತರೂ ದೊರೆಯದ ವಸ್ತುವೂ ಉಂಟು. ಸ್ಪಂದದ ಬಾಲವು 0.5 ಆಗಿರದೆ ಸಂಪೂರ್ಣ 1 ಆಗಿದೆ ಎಂದುಕೊಳ್ಳಿ. 1, 0, 1, 0 ಎಂದು ಒಂದೇ ಸಮನೆ ಕಳುಹಿಸುತ್ತಿದ್ದರೂ, 0, 1, 0, 1 ಎಂದು ಕಳುಹಿಸುತ್ತಿದ್ದರೂ, ನಡುವೆ ಬಂದು ನೋಡಿದವನಿಗೆ ಕಾಣುವುದು 1, 1, 1, 1 ಎಂಬ ಒಂದೇ ಸಾಲು. ಎರಡು ಬೇರೆ ಸಂದೇಶಗಳು ಒಂದೇ ರೂಪ ತಾಳಿದ ಮೇಲೆ ಯಾವ ತೂಕಗಳನ್ನು ಬಳಸಿದರೂ ಅವನ್ನು ಬೇರ್ಪಡಿಸಲಾಗದು. ಎಂಜಿನಿಯರುಗಳ ಭಾಷೆಯಲ್ಲಿ, ಒಂದು ಕಂಪನಾಂಕವು ಎಳೆಯಲ್ಲಿಯೇ ಅಳಿದುಹೋಗಿದೆ. ಅಳಿದದ್ದನ್ನು ಎಷ್ಟು ಪಟ್ಟು ಹಿಗ್ಗಿಸಿದರೂ ದೊರೆಯುವುದು ಗದ್ದಲವೊಂದೇ.

ತೀರ್ಮಾನದಿಂದ ಹಿಂದಕ್ಕೆ

ಈ ಇಕ್ಕಟ್ಟಿನಿಂದ ಬಹುಮಟ್ಟಿಗೆ ಪಾರಾಗುವ ಉಪಾಯವೊಂದು 1960ರ ದಶಕದಲ್ಲಿ ರೂಪುಗೊಂಡಿತು. ಹಿಂದಿನ ಅಳತೆಯನ್ನು ಕಳೆಯುವ ಬದಲು ಹಿಂದಿನ ತೀರ್ಮಾನವನ್ನು ಬಳಸಿಕೊಳ್ಳುವುದೇ ಆ ಉಪಾಯ. ಮೊದಲ ಅಳತೆ 1. ಆದ್ದರಿಂದ ಮೊದಲ ಬಿಟ್ 1 ಎಂದು ತೀರ್ಮಾನವಾಯಿತು. ಅದರ ಬಾಲ 0.5 ಎಂಬುದು ತಿಳಿದಿದೆ. ಎರಡನೆಯ ಅಳತೆಯಾದ 0.5ರಿಂದ ಅದನ್ನು ಕಳೆದರೆ 0. ಮೂರನೆಯದರಿಂದ ಕಳೆಯಬೇಕಾದುದು ಏನೂ ಇಲ್ಲ, ಉತ್ತರ 1. ನಾಲ್ಕನೆಯದು 1.5 ಕಳೆ 0.5, ಅಂದರೆ 1. ಐದನೆಯದು 0.5 ಕಳೆ 0.5, ಅಂದರೆ 0. ಕಳುಹಿಸಿದ ಸಂದೇಶ ಯಥಾವತ್ತಾಗಿ ದೊರೆಯಿತು. ತೀರ್ಮಾನವೆಂಬುದು ಗದ್ದಲವಿಲ್ಲದ ಶುದ್ಧ ಅಂಕಿಯಾದುದರಿಂದ ಕಳೆಯುವಾಗ ಹೊಸ ಗದ್ದಲವೂ ಸೇರಲಿಲ್ಲ. ಬಾಲವು ಸ್ಪಂದದಷ್ಟೇ ದೊಡ್ಡದಾಗಿದ್ದರೂ, ಆರಂಭದ ಬಿಟ್ ಸರಿಯಾಗಿ ತಿಳಿದಿದ್ದರೆ ಈ ಕ್ರಮ ನಡೆಯುತ್ತದೆ.

ಇದರ ದೌರ್ಬಲ್ಯವು ಅದರ ಬಲದಲ್ಲಿಯೇ ಅಡಗಿದೆ. ಒಂದು ತೀರ್ಮಾನ ತಪ್ಪಿದರೆ ಮುಂದಿನದಕ್ಕೆ ತಪ್ಪು ಬಾಲವನ್ನು ಕಳೆದಂತಾಗುತ್ತದೆ. ಮೊದಲ ಬಿಟ್ಟನ್ನು 0 ಎಂದು ತಪ್ಪಾಗಿ ಓದಿದರೆ ಎರಡನೆಯದು ಪುನಃ 0.5ರ ಗೆರೆಯ ಮೇಲೆ ನಿಲ್ಲುತ್ತದೆ, ತಪ್ಪು ತಪ್ಪನ್ನು ಹೆರುತ್ತದೆ. ಅಲ್ಲದೆ, ಮುಖ್ಯ ಸ್ಪಂದಕ್ಕಿಂತ ಮುಂಚಿತವಾಗಿಯೇ ಸ್ವಲ್ಪ ಬೆಳಕು ಬಂದು ಬಿಡುವ ಎಳೆಗಳೂ ಉಂಟು. ಇನ್ನೂ ತೀರ್ಮಾನವಾಗದ ಬಿಟ್ಟಿನ ಮುನ್ನೆರಳನ್ನು ತೀರ್ಮಾನದ ಬಲದಿಂದ ಕಳೆಯುವುದು ಹೇಗೆ? ಆದುದರಿಂದ ಬಳಕೆಯಲ್ಲಿ ಎರಡೂ ಕ್ರಮಗಳನ್ನು ಜೋಡಿಸುವರು: ಮುನ್ನೆರಳನ್ನು ಅಳತೆಗಳ ತೂಕದಿಂದಲೂ ಹಿಂಬಾಲವನ್ನು ತೀರ್ಮಾನಗಳ ನೆರವಿನಿಂದಲೂ ಕಳೆಯುವರು. ಒಂದೊಂದೇ ಬಿಟ್ಟನ್ನು ತೀರ್ಮಾನಿಸದೆ ಇಡೀ ಸಾಲನ್ನು ಒಮ್ಮೆಗೇ ತೂಗಿ, ಅತ್ಯಂತ ಸಂಭಾವ್ಯವಾದ ಸಂದೇಶವನ್ನು ಆರಿಸುವ ಇನ್ನೊಂದು ವಿಧಾನವನ್ನು ಡೇವಿಡ್ ಫಾರ್ನಿ 1972ರಲ್ಲಿ ಪ್ರತಿಪಾದಿಸಿದರು. ಅದು ಹೆಚ್ಚು ನಿಖರ. ಆದರೆ ಬಾಲ ಉದ್ದವಾದಂತೆ ಅದರ ಲೆಕ್ಕದ ಹೊರೆ ಇಮ್ಮಡಿ, ನಾಲ್ವಡಿಯಾಗಿ ಬೆಳೆಯುತ್ತದೆ.

ಕಲಿಯುವ ಯಂತ್ರ

ಬಾಲವು 0.5 ಎಂದು ನಾವು ಊಹಿಸಿಕೊಂಡೆವು. ನಿಜವಾದ ಎಳೆಯಲ್ಲಿ ಅದನ್ನು ರಿಸೀವರಿಗೆ ಹೇಳುವವರು ಯಾರು? ಪ್ರತಿಯೊಂದು ಎಳೆಯ ಸ್ವಭಾವವೂ ಬೇರೆ. ಅದೇ ಎಳೆಯ ಸ್ವಭಾವವೂ ಸಂಧಿಗಳು ಅಲುಗಿದಾಗ, ಎಳೆ ಬಾಗಿದಾಗ ಬದಲಾಗುತ್ತದೆ. ಆದ್ದರಿಂದ ಈಕ್ವಲೈಸರ್ ತನ್ನ ತೂಕಗಳನ್ನು ತಾನೇ ಕಲಿಯಬೇಕು.

ಈ ಕಲಿಕೆಯ ನಿಯಮವನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬರ್ನಾರ್ಡ್ ವಿಡ್ರೋ ಮತ್ತು ಟೆಡ್ ಹಾಫ್ 1960ರಲ್ಲಿ ನಿರೂಪಿಸಿದರು. ದೂರವಾಣಿ ತಂತಿಗಳ ಮೇಲೆ ಅಂಕಿಗಳನ್ನು ಕಳುಹಿಸುವಾಗ ತಾನಾಗಿಯೇ ಹೊಂದಿಕೊಳ್ಳುವ ಈಕ್ವಲೈಸರನ್ನು ಬೆಲ್ ಪ್ರಯೋಗಶಾಲೆಯ ರಾಬರ್ಟ್ ಲಕಿ 1965ರಲ್ಲಿ ವಿವರಿಸಿದರು. ವಿಡ್ರೋ-ಹಾಫ್ ನಿಯಮ ಸರಳವಾದುದು. ಬರಬೇಕಾಗಿದ್ದ ಉತ್ತರಕ್ಕೂ ಬಂದ ಉತ್ತರಕ್ಕೂ ಇರುವ ಅಂತರವೇ ದೋಷ. ಪ್ರತಿಯೊಂದು ಟ್ಯಾಪಿನ ತೂಕವನ್ನೂ, ಆ ದೋಷವನ್ನು ಆ ಟ್ಯಾಪಿನಲ್ಲಿದ್ದ ಅಳತೆಯಿಂದ ಗುಣಿಸಿ ಬಂದುದರ ಅಲ್ಪಾಂಶದಷ್ಟು ತಿದ್ದಬೇಕು. ತಿದ್ದುವ ಹೆಜ್ಜೆ ದೊಡ್ಡದಾದರೆ ಕಲಿಕೆ ಶೀಘ್ರ, ಆದರೆ ಸ್ಥಿರತೆಯಿಲ್ಲ. ಚಿಕ್ಕದಾದರೆ ಸ್ಥಿರತೆಯುಂಟು, ಆದರೆ ಕಲಿಕೆ ನಿಧಾನ. ತರಗತಿಯಲ್ಲಿ ತಿದ್ದುವ ಅನುಭವವಿರುವ ಉಪಾಧ್ಯಾಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬರಬೇಕಾಗಿದ್ದ ಉತ್ತರವು ತಿಳಿಯುವುದಾದರೂ ಹೇಗೆ ಎಂಬ ಪ್ರಶ್ನೆ ಉಳಿಯಿತು. ಪ್ರಾರಂಭದಲ್ಲಿ ಇಬ್ಬರಿಗೂ ಮೊದಲೇ ಗೊತ್ತಿರುವ ಒಂದು ಪಾಠವನ್ನು ಕಳುಹಿಸಬಹುದು. ಕಲಿಕೆ ಒಂದು ಹಂತಕ್ಕೆ ಬಂದ ಮೇಲೆ ರಿಸೀವರು ತನ್ನ ತೀರ್ಮಾನವನ್ನೇ ಸರಿಯುತ್ತರವೆಂದು ಹಿಡಿದು ಮುಂದುವರಿಯುತ್ತದೆ. ತೀರ್ಮಾನಗಳು ಬಹುಪಾಲು ಸರಿಯಾಗಿರುವತನಕ ಈ ಸ್ವಯಂಶಿಕ್ಷಣ ದಾರಿ ತಪ್ಪುವುದಿಲ್ಲ.

ಹಳೆಯ ಕೇಬಲ್ಲಿಗೆ ಹೊಸ ಬಾಳು

ಇಷ್ಟೆಲ್ಲ ತತ್ತ್ವ 1970ರ ದಶಕದಲ್ಲಿಯೇ ಸಿದ್ಧವಾಗಿದ್ದರೂ ಮಲ್ಟಿಮೋಡ್ ಎಳೆಗಳಲ್ಲಿ ಅದರ ವ್ಯಾಪಕ ಬಳಕೆಗೆ ಮೂರು ದಶಕಗಳು ಕಾಯಬೇಕಾಯಿತು. 1977ರಲ್ಲಿ ಷಿಕಾಗೋ ನಗರದ ನೆಲದಡಿಯಲ್ಲಿ ಬೆಲ್ ಸಂಸ್ಥೆಯು ಮಲ್ಟಿಮೋಡ್ ಎಳೆಗಳ ಮೂಲಕ ದೂರವಾಣಿ ಸಂಕೇತಗಳನ್ನು ಸಾಗಿಸಿದಾಗ ವೇಗವಿದ್ದುದು ಸೆಕೆಂಡಿಗೆ 44.7 ಮೆಗಾಬಿಟ್, ಒಂದು ಬಿಟ್ಟಿಗೆ 22 ನ್ಯಾನೋಸೆಕೆಂಡುಗಳ ಧಾರಾಳ ಅವಕಾಶ. 1980ರ ದಶಕದಲ್ಲಿ ದೂರದ ಮಾರ್ಗಗಳು ಒಂದೇ ಮೋಡ್ ಸಾಗುವ ಸಿಂಗಲ್ ಮೋಡ್ ಎಳೆಗಳಿಗೆ ತಿರುಗಿದವು. ಆದರೆ ಕಾರ್ಯಾಲಯ, ಆಸ್ಪತ್ರೆ, ಕಾಲೇಜುಗಳ ಕಟ್ಟಡಗಳೊಳಗೆ 62.5 ಮೈಕ್ರಾನಿನ ಮಲ್ಟಿಮೋಡ್ ಕೇಬಲ್ಲುಗಳು ಬೃಹತ್ ಪ್ರಮಾಣದಲ್ಲಿ ಹಾಕಲ್ಪಟ್ಟವು. ಅಂದಿನ ಎಫ್‌ಡಿಡಿಐ ಜಾಲದ 100 ಮೆಗಾಬಿಟ್ ವೇಗಕ್ಕೆ ಅವು 2 ಕಿಲೋಮೀಟರಿನವರೆಗೂ ಸಾಕಾಗಿದ್ದವು.

ಜಾಲಗಳ ವೇಗ 10 ಗಿಗಾಬಿಟ್‌ಗೆ ಏರಿದಾಗ ಇದೇ ಕೇಬಲ್ಲುಗಳು ಸಾಮಾನ್ಯ ಅಲ್ಪದೂರದ ಸಲಕರಣೆಯೊಡನೆ ಕೇವಲ 26ರಿಂದ 33 ಮೀಟರ್ ದೂರಕ್ಕೆ ಮಾತ್ರ ಯೋಗ್ಯವೆನಿಸಿದವು. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಈ ದೂರ ಮುಗಿದುಹೋಗುತ್ತದೆ. ಗೋಡೆ, ನೆಲಗಳನ್ನು ಅಗೆದು ಹೊಸ ಎಳೆ ಹಾಕಬೇಕೆ, ಅಥವಾ ಇದ್ದುದನ್ನೇ ಉಳಿಸಿಕೊಳ್ಳಬಹುದೆ ಎಂಬುದು ಕಟ್ಟಡಗಳ ಒಡೆಯರಿಗೆಲ್ಲ ಖರ್ಚಿನ ಪ್ರಶ್ನೆಯಾಯಿತು. 2006ರಲ್ಲಿ ಅಂಗೀಕೃತವಾದ 10 ಗಿಗಾಬಿಟ್ ಎಲ್‌ಆರ್‌ಎಂ ಎಂಬ ಮಾನಕವು ಇದಕ್ಕೆ ಉತ್ತರ ಕೊಟ್ಟಿತು. ಅದರ ಪ್ರಕಾರ ರಿಸೀವರಿನೊಳಗೆ ಈಕ್ವಲೈಸರನ್ನು ಅಳವಡಿಸಿ, ಅದೇ ಹಳೆಯ ಎಳೆಯಲ್ಲಿ 220 ಮೀಟರಿನವರೆಗೆ 10 ಗಿಗಾಬಿಟ್‌ಗಳನ್ನು ಸಾಗಿಸಬಹುದು.

ಇದರಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಬೆಳಕನ್ನು ತಿರುಳಿನ ನಟ್ಟನಡುವೆ ಸೇರಿಸದೆ ಸ್ವಲ್ಪ ಪಕ್ಕಕ್ಕೆ ಸರಿಸಿ ಸೇರಿಸುವ ವ್ಯವಸ್ಥೆಯೂ ಇದೆ. ಹಳೆಯ ಎಳೆಯ ನಡುವಿನ ತಗ್ಗನ್ನು ತಪ್ಪಿಸಿ ಹರಡುವಿಕೆಯನ್ನು ಮೊದಲೇ ತಗ್ಗಿಸುವುದು ಇದರ ಉದ್ದೇಶ. ಎರಡನೆಯದು, ಫೋಟೋಡಯೋಡಿನ ನಂತರದ ವರ್ಧಕವು ಅಳತೆಗಳನ್ನು ಇದ್ದಂತೆಯೇ, ಒಂದೇ ಪ್ರಮಾಣದಲ್ಲಿ ಹಿಗ್ಗಿಸಬೇಕು. ಸಾಮಾನ್ಯ ರಿಸೀವರುಗಳ ವರ್ಧಕವು 1 ಮತ್ತು 1.5 ಎರಡನ್ನೂ ಕತ್ತರಿಸಿ ಒಂದೇ ಎತ್ತರಕ್ಕೆ ತರುತ್ತದೆ. ಹಾಗೆ ಕತ್ತರಿಸಿದ ಮೇಲೆ ಈಕ್ವಲೈಸರಿಗೆ ಆಧಾರವೇ ಉಳಿಯುವುದಿಲ್ಲ. ತಿದ್ದುವ ಮುನ್ನ ತಪ್ಪನ್ನು ಯಥಾಸ್ಥಿತಿಯಲ್ಲಿ ಕಾಪಾಡಿಕೊಳ್ಳಬೇಕೆಂಬುದು ಇಲ್ಲಿಯ ಪಾಠ.

ಇಂದು ಗಣಕಗಳ ಬೃಹತ್ ಭಂಡಾರಗಳಾದ ಡೇಟಾ ಸೆಂಟರುಗಳಲ್ಲಿ ಈಕ್ವಲೈಸರ್ ನಿತ್ಯದ ಅಂಗವಾಗಿದೆ. 2022ರ ಮಾನಕವೊಂದು ಉತ್ತಮ ಮಲ್ಟಿಮೋಡ್ ಎಳೆಯಲ್ಲಿ, ಒಂದೇ ಲೇಸರಿನಿಂದ, 100 ಮೀಟರಿನವರೆಗೆ 100 ಗಿಗಾಬಿಟ್ ವೇಗವನ್ನು ವಿಧಿಸುತ್ತದೆ. ಅಲ್ಲಿ ಬೆಳಕಿಗೆ ಎರಡರ ಬದಲು ನಾಲ್ಕು ಮಟ್ಟಗಳು. ಒಂದೊಂದು ಸ್ಪಂದವೂ ಎರಡೆರಡು ಬಿಟ್‌ಗಳನ್ನು ಹೊರುತ್ತದೆ. ಸ್ಪಂದದ ಉದ್ದ ಎಳೆಯೊಳಗೆ 4 ಮಿಲಿಮೀಟರಿಗೂ ಕಡಿಮೆ. ಎಳೆಯ ಹರಡುವಿಕೆಯ ಜೊತೆಗೆ ಲೇಸರಿನ ಮಂದಗತಿಯನ್ನೂ ಈಕ್ವಲೈಸರೇ ತಿದ್ದಬೇಕಾಗಿದೆ.

ದೋಷವೇ ಸಾಧನವಾದ ಬಗೆ

ಈ ಕಥೆಯ ಕೊನೆಯ ತಿರುವು ಅಚ್ಚರಿಯದು. ಹಾದಿಗಳು ಅನೇಕವಾಗಿರುವುದನ್ನು ಇದುವರೆಗೆ ದೋಷವೆಂದೇ ಎಣಿಸಿದೆವು. ಪ್ರತಿಯೊಂದು ಹಾದಿಯಲ್ಲಿಯೂ ಬೇರೆ ಬೇರೆ ಸಂದೇಶವನ್ನು ಕಳುಹಿಸಿದರೆ ಏನಾದೀತು? ಈ ವಿಚಾರವನ್ನು ಹೋವರ್ಡ್ ಸ್ಟೂವರ್ಟ್ 2000ದಲ್ಲಿ ಮಂಡಿಸಿದರು. ಸಂದೇಶಗಳು ದಾರಿಯಲ್ಲಿ ಬೆರೆತುಹೋಗುವುದು ಖಂಡಿತ. ಆದರೆ ಎರಡು ಸಂದೇಶಗಳಿಗೆ ಎರಡು ಅಳತೆಗಳಿದ್ದರೆ ಅದು ಪ್ರೌಢಶಾಲೆಯ ಏಕಕಾಲಿಕ ಸಮೀಕರಣವೇ ಸರಿ. ಮೊದಲ ಅಳತೆಯು ಮೊದಲ ಸಂದೇಶದ 0.8 ಮತ್ತು ಎರಡನೆಯದರ 0.6ರ ಮೊತ್ತವಾಗಿರಲಿ; ಎರಡನೆಯ ಅಳತೆಯು ಎರಡನೆಯ ಸಂದೇಶದ 0.8ರಲ್ಲಿ ಮೊದಲನೆಯದರ 0.6 ಕಳೆದುದಾಗಿರಲಿ. ಮೊದಲ ಅಳತೆಯ 0.8ರಿಂದ ಎರಡನೆಯದರ 0.6ನ್ನು ಕಳೆದರೆ ಮೊದಲ ಸಂದೇಶ ಶುದ್ಧವಾಗಿ ದೊರೆಯುತ್ತದೆ. 0.64ಕ್ಕೆ 0.36 ಸೇರಿದರೆ 1 ಆಗುವುದರಿಂದ ಇಲ್ಲಿ ಗದ್ದಲವೂ ಬೆಳೆಯುವುದಿಲ್ಲ. ಬೆರೆತರೂ ಏನೂ ನಷ್ಟವಾಗದಿದ್ದರೆ ಬೇರ್ಪಡಿಸಲು ಬೆಲೆ ತೆರಬೇಕಾಗಿಲ್ಲವೆಂಬುದು ಇದರ ತಾತ್ಪರ್ಯ. ಆದರೆ ಇದಕ್ಕೆ ಬೆಳಕಿನ ಪ್ರಮಾಣವೊಂದೇ ಸಾಲದು. ಅದರ ಅಲೆಯ ಹಂತವನ್ನೂ ಅಳೆಯುವ ರಿಸೀವರು ಬೇಕು.

ಜಪಾನಿನ ಎನ್‌ಐಸಿಟಿ ಸಂಸ್ಥೆಯ ಸಂಶೋಧಕರು 2022ರಲ್ಲಿ 55 ಮೋಡ್‌ಗಳ ಒಂದೇ ಎಳೆಯಲ್ಲಿ, 25.9 ಕಿಲೋಮೀಟರ್ ದೂರಕ್ಕೆ, ಸೆಕೆಂಡಿಗೆ 1.53 ಪೆಟಾಬಿಟ್, ಅಂದರೆ 1,530 ಲಕ್ಷ ಕೋಟಿ ಬಿಟ್‌ಗಳನ್ನು ಸಾಗಿಸಿದರು. ಪ್ರತಿ ಮೋಡ್‌ಗೂ ಎರಡು ಧ್ರುವೀಕರಣಗಳಿರುವುದರಿಂದ ಅಲ್ಲಿ ಬಿಡಿಸಬೇಕಾದ ಅಜ್ಞಾತಗಳು 110. ಹೊರಗಿನ ಅಳತೆಯಲ್ಲಿ ಆ ಎಳೆಯು ಸಾಮಾನ್ಯ ಎಳೆಯಷ್ಟೇ, 125 ಮೈಕ್ರಾನ್ ದಪ್ಪ.

ಉಪಸಂಹಾರ

ಇಷ್ಟು ವಿವೇಚನೆಯಿಂದ ಒಂದು ವಿವೇಕ ದೊರೆಯುತ್ತದೆ. ಹಳೆಯ ಸಾಧನವು ಸಂದೇಶವನ್ನು ಹರಡುತ್ತಿದೆಯೋ, ಅಥವಾ ಅಳಿಸುತ್ತಿದೆಯೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಹರಡಿದುದನ್ನು, ಅದರ ಕ್ರಮವನ್ನು ಅರಿತವನು, ಸ್ವಲ್ಪ ಹೆಚ್ಚು ಬೆಳಕಿನ ಬೆಲೆ ತೆತ್ತು ಮತ್ತೆ ಕೂಡಿಸಬಲ್ಲನು. ಅಲ್ಲಿ ಗೋಡೆ ಒಡೆಯುವ ಅಗತ್ಯವಿಲ್ಲ. ಅಳಿದುದನ್ನು ಯಾವ ಯಂತ್ರವೂ ಮರಳಿ ಕೊಡಲಾರದು. ಅಲ್ಲಿ ಹೊಸ ಎಳೆಯನ್ನು ಹಾಕುವುದೇ ಮಿತವ್ಯಯ. ಶಾಲೆ ಕಾಲೇಜುಗಳ ಪ್ರಯೋಗಾಲಯಗಳನ್ನು ನೋಡಿಕೊಳ್ಳುವವರಿಗೂ, ಅವುಗಳಿಗೆ ಧನಸಹಾಯ ನೀಡುವವರಿಗೂ ಈ ಭೇದವು ತಿಳಿದಿದ್ದರೆ ಲೇಸು.

ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಬೋಧಿಸಲು ದುಬಾರಿ ಸಲಕರಣೆ ಬೇಕಾಗಿಲ್ಲ. ಕಪ್ಪುಹಲಗೆಯ ಮೇಲೆ 1, 0.5, 1, 1.5, 0.5 ಎಂಬ ಐದು ಅಂಕಿಗಳನ್ನು ಬರೆದು, ಪ್ರತಿ ಸ್ಪಂದದ ಬಾಲವು ಅರ್ಧವೆಂದು ತಿಳಿಸಿ, ಕಳುಹಿಸಿದ ಸಂದೇಶವೇನೆಂದು ಕೇಳಿದರೆ ಸಾಕು. ಉತ್ತರವನ್ನು ಕಂಡುಕೊಂಡ ಬಾಲಕನಿಗೆ, ಬಾಲಕಿಗೆ, ಈಕ್ವಲೈಸರಿನ ಮರ್ಮ ಕೈವಶವಾಯಿತೆಂದೇ ತಿಳಿಯಬೇಕು.